ಸವೆದ ಹಲ್ಲಿನ ಕತ್ತಿಗೆ ಯಂತ್ರದಲ್ಲಿ ಕೊರೆದ ಪಿಂಗಾಣಿ: ಬೆಂಗಳೂರಿನಲ್ಲಿ ಪಡೆದ ಒಂದು ಚಿಕಿತ್ಸೆಯ ವಿಮರ್ಶೆ

ವಸಡು ಮತ್ತು ಹಲ್ಲು ಸೇರುವ ಜಾಗದಲ್ಲಿ, ಅಂದರೆ ಹಲ್ಲಿನ ಕತ್ತಿನಲ್ಲಿ, ಕೆನ್ನೆಯ ಕಡೆಯ ಮುಖದ ಮೇಲೆ, ಉಗುರಾಡಿಸಿದರೆ ಸಿಕ್ಕಿಕೊಳ್ಳುವಂಥ ತಗ್ಗೊಂದು ನಡುವಯಸ್ಸು ದಾಟಿದ ಅನೇಕರ ಬಾಯಲ್ಲಿ ಇರುತ್ತದೆ. ಅದು ಹುಳುಕು ಹಿಡಿದು ಆದದ್ದಲ್ಲ; ಕಪ್ಪಾಗಿಯೂ ಇರುವುದಿಲ್ಲ. ತುಟಿಯನ್ನು ಎತ್ತಿ ಕನ್ನಡಿಯಲ್ಲಿ ನೋಡಿದರೆ, ಮರ ಕಡಿಯುವವನು ಕಾಂಡದ ಬುಡಕ್ಕೆ ಕೊಡಲಿಯಿಂದ ಹಾಕಿದ ಮೊದಲ ಕಚ್ಚಿನಂತೆ ಹಳದಿಯಾಗಿ ಕಾಣುತ್ತದೆ. ತಣ್ಣೀರು ತಾಗಿದಾಗ, ಬೇಸಿಗೆಯಲ್ಲಿ ಮಜ್ಜಿಗೆ ಕುಡಿದಾಗ, ಕೆಲವೊಮ್ಮೆ ಬಾಯಿ ತೆರೆದು ಉಸಿರೆಳೆದರೂ ಜುಮ್ಮೆನ್ನುತ್ತದೆ. ನನ್ನ ಎಡಗಡೆಯ ಮೇಲಿನ ಎರಡು ಮುಂದವಡೆ ಹಲ್ಲುಗಳಲ್ಲಿದ್ದ ಇಂಥ ಸವೆತವನ್ನು ದಕ್ಷಿಣ ಬೆಂಗಳೂರಿನ ಒಂದು ಖಾಸಗಿ ದಂತ ಚಿಕಿತ್ಸಾಲಯದಲ್ಲಿ, ಬಾಯಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಿ, ಯಂತ್ರದಲ್ಲಿ ಕೊರೆದ ಪಿಂಗಾಣಿಯ ತುಣುಕುಗಳಿಂದ ಮುಚ್ಚಿಸಿಕೊಂಡೆ. ಅದಾಗಿ ಒಂದು ವರ್ಷಕ್ಕೂ ಮೀರಿದೆ. ಈ ಬರಹ ಆ ಸೇವೆಯ ವಿಮರ್ಶೆ. ಇಲ್ಲಿ ತೂಗಬೇಕಾದದ್ದು ಚಿಕಿತ್ಸೆಯ ವಿಧಾನವನ್ನಾದ್ದರಿಂದ ಚಿಕಿತ್ಸಾಲಯದ ಹೆಸರನ್ನು ಬಿಟ್ಟಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕಿತ್ಸೆ ಚೆನ್ನಾಗಿದೆ, ನನಗೆ ಸಮಾಧಾನ ತಂದಿದೆ. ಆದರೆ ಕತ್ತು ಸವೆದ ಎಲ್ಲ ಹಲ್ಲುಗಳಿಗೂ ಬೇಕಾದದ್ದಲ್ಲ. ಇದಕ್ಕೆ ಕೊಡುವ ದೊಡ್ಡ ಮೊತ್ತ ಸಾರ್ಥಕವಾಗುವುದು ಯಂತ್ರಕ್ಕೆ ಮುಂಚಿನ ತಪಾಸಣೆಯಲ್ಲಿ ಮತ್ತು ಯಂತ್ರದ ಕೆಲಸ ಮುಗಿದ ಮೇಲೆ ತುಣುಕನ್ನು ಹಲ್ಲಿಗೆ ಅಂಟಿಸುವ ಆ ಒಂದು ಗಂಟೆಯಲ್ಲಿ. ಜಾಹೀರಾತುಗಳಲ್ಲಿ ಎದ್ದು ಕಾಣುವ ಸ್ಕ್ಯಾನರ್ ಮತ್ತು ಕೊರೆಯುವ ಯಂತ್ರ ಇವೆರಡರ ನಡುವಿನ ಒಂದು ಹಂತ ಮಾತ್ರ.

ತಪಾಸಣೆಯ ವಿಷಯದಿಂದಲೇ ಆರಂಭಿಸುತ್ತೇನೆ. ಮೊದಲ ಭೇಟಿಯಲ್ಲಿ ವೈದ್ಯೆ ಯಾವ ಯಂತ್ರವನ್ನೂ ತೋರಿಸಲಿಲ್ಲ. ಹಲ್ಲನ್ನು ಯಾವುದರಿಂದ ಉಜ್ಜುತ್ತೀರಿ, ಯಾವ ಕೈಯಿಂದ, ಎಷ್ಟು ಒತ್ತಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರೆಂದು ಮನೆಯವರು ಹೇಳಿದ್ದುಂಟೇ, ನಿಂಬೆರಸ ಮತ್ತು ಹಣ್ಣಿನ ರಸ ಎಷ್ಟು ಕುಡಿಯುತ್ತೀರಿ, ಎದೆಯುರಿ ಇದೆಯೇ, ಹುಳಿತೇಗು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಈ ಪ್ರಶ್ನೆಗಳಿಗೆ ಗಟ್ಟಿಯಾದ ಕಾರಣವಿದೆ. ಹಲ್ಲಿನ ತಲೆಭಾಗವನ್ನು ಹೊದ್ದಿರುವ ಎನಾಮಲ್ ದೇಹದ ಅತ್ಯಂತ ಗಡಸು ಪದಾರ್ಥವಾದರೂ ಕತ್ತಿನ ಬಳಿಗೆ ಬರುತ್ತ ತೆಳುವಾಗಿ, ಬೇರು ಶುರುವಾಗುವಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಬೇರಿನ ಮೇಲಿರುವುದು ಸಿಮೆಂಟಮ್ ಎಂಬ ತೆಳು ಪದರ, ಅದರೊಳಗೆ ಹಲ್ಲಿನ ಒಡಲಾದ ಡೆಂಟಿನ್. ಎರಡೂ ಎನಾಮಲ್‌ಗಿಂತ ಬಹಳ ಮೃದು. ವಸಡು ಹಿಂದೆ ಸರಿದು ಆ ಭಾಗ ಬಯಲಾದ ಮೇಲೆ ಬ್ರಷ್ಷಿನ ಅಡ್ಡ ಉಜ್ಜಾಟ, ಆಹಾರದ ಹುಳಿ, ಅಗಿಯುವಾಗ ಬೀಳುವ ಒತ್ತಡ ಮೂರೂ ಸೇರಿ ಅದನ್ನು ತಿನ್ನತೊಡಗುತ್ತವೆ.

ನಮ್ಮ ಕಡೆ ಇದ್ದಿಲ ಪುಡಿ, ಉಪ್ಪು, ಇಟ್ಟಿಗೆಯ ಪುಡಿಯಿಂದ ಹಲ್ಲುಜ್ಜಿದ ತಲೆಮಾರಿನವರು ಇನ್ನೂ ಇದ್ದಾರೆ, ಕೆಂಪು ಹಲ್ಲುಪುಡಿಯನ್ನು ಬಿಡಲು ಒಪ್ಪದವರೂ ಇದ್ದಾರೆ. ಪೇಸ್ಟ್ ಬಳಸುವವರೂ ಪೂರ್ತಿ ಸುರಕ್ಷಿತರಲ್ಲ. ಪೇಸ್ಟ್ ಡೆಂಟಿನನ್ನು ಎಷ್ಟು ಸವೆಸುತ್ತದೆ ಎಂಬುದಕ್ಕೆ ಒಂದು ಅಂತರರಾಷ್ಟ್ರೀಯ ಅಳತೆಯಿದೆ, ಅದರ ಗರಿಷ್ಠ ಮಿತಿ 250. ಆದರೆ ನಾವು ಕೊಳ್ಳುವ ಪೇಸ್ಟಿನ ಪೊಟ್ಟಣದ ಮೇಲೆ ಆ ಸಂಖ್ಯೆಯನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲ, ಮುದ್ರಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಇನ್ನು ಹುಳಿಯ ಮಾತು. ಹುಳಿಯನ್ನು ಅಳೆಯುವ ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಎನಾಮಲ್ ಕರಗಲು ಶುರುವಾಗುವುದು ಸುಮಾರು 5.5 ಪಿಎಚ್‌ಗಿಂತ ಕೆಳಗೆ. ಡೆಂಟಿನ್ ಅದಕ್ಕಿಂತ ಸೌಮ್ಯವಾದ ಹುಳಿಗೇ ಸೋಲುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರ ನಡುವೆ ಇರುತ್ತದೆ. ಲಾಲ್‌ಬಾಗಿನಲ್ಲಿ ನಡಿಗೆ ಮುಗಿಸಿ ನಿಂಬೆರಸದ ಬಿಸಿನೀರು ಕುಡಿದು, ಮನೆಗೆ ಬಂದ ಕೂಡಲೇ ಹಲ್ಲುಜ್ಜುವ ಆರೋಗ್ಯಾಸಕ್ತರು ಹುಳಿಯಿಂದ ಮೆದುವಾದ ಮೇಲ್ಮೈಯನ್ನೇ ಬ್ರಷ್ಷಿನಿಂದ ಕೆರೆದು ತೆಗೆಯುತ್ತಾರೆ. ಹುಳಿ ಕುಡಿದ ಮೇಲೆ ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಉಜ್ಜಬೇಕೆಂಬ ಸಲಹೆಯನ್ನು ಪಿಂಗಾಣಿಯ ಮಾತೆತ್ತುವುದಕ್ಕೆ ಮೊದಲೇ ಪಡೆದೆ.

ಮೂರನೆಯ ಕಾರಣವಾದ ಒತ್ತಡದ ಬಗ್ಗೆ ದಂತವೈದ್ಯರಲ್ಲೇ ಒಮ್ಮತವಿಲ್ಲ. ಅಗಿಯುವಾಗ ಹಲ್ಲು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗುವಿಕೆಯ ಒತ್ತಡ ಕತ್ತಿನಲ್ಲಿ ಒಟ್ಟುಗೂಡಿ ಎನಾಮಲಿನ ಹರಳುಗಳನ್ನು ಸಡಿಲಿಸುತ್ತದೆ ಎಂಬ ವಾದವನ್ನು ಮುಂದಿಟ್ಟು 1991ರಲ್ಲಿ ಅಮೆರಿಕದ ಜಾನ್ ಗ್ರಿಪ್ಪೊ ಇಂಥ ಸವೆತಕ್ಕೆ ಅಬ್‌ಫ್ರಾಕ್ಷನ್ ಎಂಬ ಹೆಸರು ಕೊಟ್ಟರು. ಒತ್ತಡವೊಂದೇ ಇದನ್ನು ಮಾಡಬಲ್ಲದೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹಲವು ಕಾರಣಗಳು ಕೂಡಿ ಕೆಲಸ ಮಾಡುತ್ತವೆ ಎಂಬುದೇ ಈಗ ಹೆಚ್ಚು ಜನ ಒಪ್ಪುವ ನಿಲುವು. ನನ್ನ ವೈದ್ಯೆ ಇದನ್ನು ಮರೆಮಾಚದೆ ಹೇಳಿದರು. ಬಣ್ಣದ ಕಾಗದವನ್ನು ಕಚ್ಚಿಸಿ, ದವಡೆಯನ್ನು ಪಕ್ಕಕ್ಕೆ ಸರಿಸಿ ಹಲ್ಲು ಮಸೆಯುವಾಗ ಆ ಎರಡು ಹಲ್ಲುಗಳ ಮೇಲೆ ಹೆಚ್ಚು ಭಾರ ಬೀಳುತ್ತಿದೆಯೆಂದು ತೋರಿಸಿ, ಅದು ಸವೆತದ ಮೂಲವೋ ಅಲ್ಲವೋ ಎಂದು ಖಚಿತವಾಗಿ ಹೇಳಲಾಗದಿದ್ದರೂ ಅಂಟಿಸಿದ ತುಣುಕು ಬಿದ್ದುಹೋಗದಂತೆ ನೋಡಿಕೊಳ್ಳಲು ಆ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ವಿವರಿಸಿದರು. ಗೊತ್ತಿರುವುದನ್ನೂ ಗೊತ್ತಿಲ್ಲದುದನ್ನೂ ಬೇರ್ಪಡಿಸಿ ಹೇಳುವ ವೈದ್ಯರ ಮೇಲೆ ನನಗೆ ವಿಶ್ವಾಸ ಬೇಗ ಹುಟ್ಟುತ್ತದೆ.

ಇದಕ್ಕೆ ಮೊದಲು ಬೇರೆಡೆ ಈ ಹಲ್ಲುಗಳಿಗೆ ಫಿಲ್ಲಿಂಗ್ ಹಾಕಿಸಿಕೊಂಡಿದ್ದೆ. ಅವು ಒಂದಲ್ಲ ಒಂದು ದಿನ ಊಟದ ಮಧ್ಯೆ ಕಳಚಿ ಬರುತ್ತಿದ್ದವು. ಇದು ಬಹಳ ಜನರ ಅನುಭವ, ಮತ್ತು ಪ್ರತಿ ಸಲವೂ ವೈದ್ಯರ ಕೈಯ ದೋಷವೆಂದು ಹೇಳಲಾಗದು; ಜಾಗವೇ ಕಷ್ಟದ್ದು. ಹುಳುಕು ಹಿಡಿದ ದವಡೆ ಹಲ್ಲಿನಲ್ಲಿ ಫಿಲ್ಲಿಂಗಿಗೆ ಸುತ್ತ ಗೋಡೆಗಳಿರುತ್ತವೆ, ಕತ್ತಿನ ತಗ್ಗಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಎಲ್ಲವೂ ಅಂಟಿನ ಮೇಲೆಯೇ ನಿಂತಿರಬೇಕು. ತಗ್ಗಿನ ಒಂದು ಅಂಚು ಎನಾಮಲಿನ ಮೇಲಿದ್ದರೆ ವಸಡಿನ ಕಡೆಯ ಅಂಚು ಡೆಂಟಿನಿನ ಮೇಲೋ ಸಿಮೆಂಟಮ್ ಮೇಲೋ ಇರುತ್ತದೆ, ಅಲ್ಲಿ ಅಂಟು ಅಷ್ಟು ಚೆನ್ನಾಗಿ ಕೂರುವುದಿಲ್ಲ. ವರ್ಷಗಟ್ಟಲೆ ಬಯಲಿಗೆ ಬಿದ್ದ ಡೆಂಟಿನ್ ತನ್ನ ಸೂಕ್ಷ್ಮ ನಾಳಗಳಲ್ಲಿ ಹಲವನ್ನು ಖನಿಜದಿಂದ ಮುಚ್ಚಿಕೊಂಡು ಗಾಜಿನಂತೆ ನುಣುಪಾಗಿರುತ್ತದೆ. ಅಂಟು ಒಳಗಿಳಿಯಲು ದಾರಿ ಕಡಿಮೆ. ಮೇಲಾಗಿ ವಸಡಿನ ಅಂಚಿನಲ್ಲಿ ತೇವ ನಿರಂತರವಾಗಿ ಒಸರುತ್ತದೆ. ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ರಾಳವನ್ನು ನೀಲಿ ಬೆಳಕಿನಿಂದ ಗಟ್ಟಿ ಮಾಡುವಾಗ ಅದು ಗಾತ್ರದಲ್ಲಿ ಶೇಕಡಾ 2–3ರಷ್ಟು ಕುಗ್ಗುತ್ತದೆ, ಕುಗ್ಗುವಾಗ ದುರ್ಬಲವಾದ ವಸಡಿನ ಕಡೆಯ ಅಂಚಿನಿಂದಲೇ ಬಿಡಿಸಿಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಗ್ಲಾಸ್ ಅಯೊನೊಮರ್ ಸಿಮೆಂಟ್ ಹಲ್ಲಿನ ಕ್ಯಾಲ್ಸಿಯಮ್ಮಿನೊಂದಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವುದರಿಂದ ಈ ಜಾಗದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ, ಅಗ್ಗವೂ ಹೌದು. ಆದರೆ ಕಾಲಕ್ರಮೇಣ ಒರಟಾಗಿ, ಕಾಫಿ ಕುಡಿಯುವವರ ಬಾಯಲ್ಲಿ ಮಾಸಿ, ಮೇಲ್ಮೈಯಿಂದ ಸವೆಯುತ್ತದೆ.

ಯಂತ್ರದಲ್ಲಿ ಕೊರೆದ ಪಿಂಗಾಣಿಯ ಪರವಾದ ವಾದ ಇಲ್ಲಿಂದ ಹೊರಡುತ್ತದೆ. ತುಣುಕು ಬಾಯಿಯ ಹೊರಗೇ ಪೂರ್ತಿ ಗಟ್ಟಿಯಾಗಿ ಸಿದ್ಧವಾಗಿರುವುದರಿಂದ ಕುಗ್ಗುವ ಪ್ರಶ್ನೆ ಅದನ್ನು ಅಂಟಿಸುವ ರಾಳದ ತೆಳುಪದರಕ್ಕೆ ಮಾತ್ರ ಸೀಮಿತವಾಗುತ್ತದೆ. ತುಣುಕನ್ನು ಕೊರೆದು ತೆಗೆಯುವುದು ಕಾರ್ಖಾನೆಯಿಂದ ಬರುವ ಪಿಂಗಾಣಿಯ ಗಟ್ಟಿಯಿಂದ; ಶಾಖ ಮತ್ತು ಒತ್ತಡದಲ್ಲಿ ತಯಾರಾದ ಆ ಗಟ್ಟಿಯಲ್ಲಿ, ಕೈಯಿಂದ ಪದರ ಪದರವಾಗಿ ತುಂಬಿದ ರಾಳದಲ್ಲಿ ಉಳಿಯುವಂಥ ಗಾಳಿಗುಳ್ಳೆಗಳಿರುವುದಿಲ್ಲ. ಬಣ್ಣ ಬೇಗ ಮಾಸುವುದಿಲ್ಲ. ನಯವಾಗಿ ಹೊಳಪು ಕೊಟ್ಟ ಪಿಂಗಾಣಿಯ ಮೇಲೆ ಹಲ್ಲಿನ ಕೊಳೆ ಕಡಿಮೆ ಕೂರುತ್ತದೆ, ಪಕ್ಕದ ವಸಡಿಗೆ ಅದು ಹಿತ.

ಪಿಂಗಾಣಿಯಲ್ಲಿ ಯಾವುದು ಎಂಬ ಪ್ರಶ್ನೆಯನ್ನು ರೋಗಿಗಳು ಕೇಳಲೇಬೇಕು, ಏಕೆಂದರೆ ಈ ಒಂದು ಹೆಸರಿನಡಿ ತೀರ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ನನ್ನ ಮುಂದೆ ಮುಖ್ಯವಾಗಿ ಎರಡನ್ನು ಇಡಲಾಯಿತು. ಒಂದು ಲಿಥಿಯಂ ಡೈಸಿಲಿಕೇಟ್, ಇವೊಕ್ಲಾರ್ ಕಂಪನಿಯ ಇ.ಮ್ಯಾಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು. ನೀಲಿ ಬಣ್ಣದ ಗಟ್ಟಿಯಾಗಿ ಬರುವ ಇದನ್ನು ಕೊರೆದ ಮೇಲೆ ಸುಮಾರು 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಇಟ್ಟಾಗ ಹರಳುಗಟ್ಟಿ ಹಲ್ಲಿನ ಬಣ್ಣವನ್ನೂ ಪೂರ್ಣ ಬಲವನ್ನೂ ಪಡೆಯುತ್ತದೆ. ಇನ್ನೊಂದು ವಿಟಾ ಕಂಪನಿಯ ಎನಾಮಿಕ್ ಎಂಬ ಮಿಶ್ರ ಪಿಂಗಾಣಿ. ತೂಕದಲ್ಲಿ ಶೇಕಡಾ 86ರಷ್ಟು ಪಿಂಗಾಣಿಯ ಸೂಕ್ಷ್ಮರಂಧ್ರಗಳ ಜಾಲದೊಳಗೆ ಶೇಕಡಾ 14ರಷ್ಟು ರಾಳವನ್ನು ಇಳಿಸಿ ಮಾಡಿದ್ದು. ಮುರಿಯದೆ ತಾಳುವ ಬಲದಲ್ಲಿ ಮೊದಲನೆಯದರದೇ ಮೇಲುಗೈ. ಆದರೆ ಕತ್ತಿನ ಭಾಗಕ್ಕೆ ಅಗಿಯುವ ಭಾರ ನೇರವಾಗಿ ಬೀಳುವುದಿಲ್ಲ, ಹಲ್ಲು ಬಾಗುವಾಗ ಅದರೊಂದಿಗೆ ತಾನೂ ಸ್ವಲ್ಪ ಬಾಗುವ ಗುಣ ಅಲ್ಲಿ ಹೆಚ್ಚು ಬೇಕು. ವಸ್ತುವೊಂದು ಬಾಗುವುದನ್ನು ಎಷ್ಟು ವಿರೋಧಿಸುತ್ತದೆ ಎಂಬುದನ್ನು ಗಿಗಾಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ: ಡೆಂಟಿನ್ ಸುಮಾರು 18, ಎನಾಮಲ್ ಸುಮಾರು 80, ಲಿಥಿಯಂ ಡೈಸಿಲಿಕೇಟ್ 95ರ ಆಸುಪಾಸು, ಮಿಶ್ರ ಪಿಂಗಾಣಿ 30ರ ಆಸುಪಾಸು. ಡೆಂಟಿನಿನ ಹತ್ತಿರದ ಗುಣವುಳ್ಳದ್ದನ್ನು ಆರಿಸಿದ್ದರ ಹಿಂದಿನ ತರ್ಕ ಇದು. ಅದಕ್ಕಿಂತಲೂ ನನಗೆ ಮನವರಿಕೆಯಾದ ಕಾರಣ ಬೇರೊಂದಿತ್ತು. ಕತ್ತಿನ ತುಣುಕಿನ ಅಂಚುಗಳು ಕ್ರಮೇಣ ತೆಳುವಾಗುತ್ತ ಹಲ್ಲಿನ ಮೇಲ್ಮೈಯಲ್ಲಿ ಲೀನವಾಗಬೇಕು. ಅಷ್ಟು ತೆಳುವಾದ ಅಂಚನ್ನು ವಜ್ರದ ಕಣಗಳ ಕೊರೆಯಂಚಿನಿಂದ ತೆಗೆಯುವಾಗ ಶುದ್ಧ ಗಾಜಿನಂಥ ಪಿಂಗಾಣಿ ಚಕ್ಕೆಯೇಳುತ್ತದೆ. ರಾಳ ಬೆರೆತದ್ದು ಕಡಿಮೆ ಚಕ್ಕೆಯೇಳುತ್ತದೆ. ಇದಕ್ಕೆ ಕುಲುಮೆಯೂ ಬೇಡ, ಕೊರೆದು ಹೊಳಪು ಕೊಟ್ಟರೆ ಸಾಕು. ನನಗೆ ಮಿಶ್ರ ಪಿಂಗಾಣಿಯೇ ಆಯಿತು.

ಕುರ್ಚಿಯ ಪಕ್ಕದಲ್ಲೇ ಸ್ಕ್ಯಾನ್ ಮಾಡಿ, ಕೊರೆದು, ಅದೇ ದಿನ ಕೂರಿಸುವ ಈ ಪದ್ಧತಿ ನಲವತ್ತು ವರ್ಷ ಹಳೆಯದು. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಮೋರ್ಮನ್ ಎಂಬ ದಂತವೈದ್ಯರೂ ಮಾರ್ಕೊ ಬ್ರಾಂಡೆಸ್ಟಿನಿ ಎಂಬ ಎಂಜಿನಿಯರರೂ ಕೂಡಿ 1985ರಲ್ಲಿ ಮೊದಲ ರೋಗಿಗೆ ಹೀಗೆ ಪಿಂಗಾಣಿ ಕೂರಿಸಿದರು. ಬೆಂಗಳೂರಿನಲ್ಲಿ ನಾನು ವಿಚಾರಿಸಿದ ಹಲವು ಕಡೆ ಸ್ಕ್ಯಾನರ್ ಇತ್ತು, ಕೊರೆಯುವ ಯಂತ್ರ ಇರಲಿಲ್ಲ. ಸ್ಕ್ಯಾನನ್ನು ಪ್ರಯೋಗಾಲಯಕ್ಕೆ ಕಳುಹಿಸಿ ತುಣುಕು ಬಂದ ಮೇಲೆ ಮತ್ತೆ ಕರೆಯುತ್ತೇವೆ ಎಂದರು. ಸಿಲ್ಕ್ ಬೋರ್ಡಿನ ದಟ್ಟಣೆ ದಾಟಿ ಎರಡು ಸಲ ಬರಬೇಕಾದ ಬೇಸರವನ್ನು ಬಿಟ್ಟರೆ ಅದರಲ್ಲಿ ಕೊರತೆಯೇನಿಲ್ಲ. ಅನುಭವಿ ತಂತ್ರಜ್ಞರ ಕೈಯಲ್ಲಿ ತುಣುಕಿನ ಬಣ್ಣ ಮತ್ತು ಹೊಳಪು ಇನ್ನೂ ಚೆನ್ನಾಗಿಯೇ ಬರಬಹುದು. ಒಂದೇ ದಿನದ ಚಿಕಿತ್ಸೆಯೆಂಬ ಕಾರಣಕ್ಕೆ ಮಾತ್ರ ಹೆಚ್ಚು ಹಣ ಕೊಡಬೇಕಾಗಿಲ್ಲ.

ಚಿಕಿತ್ಸೆಯ ದಿನ ಮೊದಲು ಮಾಡಿದ್ದು ಬಣ್ಣ ಹೊಂದಿಸುವ ಕೆಲಸ, ಅದೂ ಕಿಟಕಿಯ ಬೆಳಕಿನಲ್ಲಿ. ಬಾಯಿ ತೆರೆದಿಟ್ಟು ಹಲ್ಲು ಒಣಗಿದರೆ ಅದರ ಬಣ್ಣ ಬಿಳಿಚಿಕೊಳ್ಳುತ್ತದೆ, ಆಮೇಲೆ ಆರಿಸಿದ ಬಣ್ಣ ತಪ್ಪುತ್ತದೆ. ಹಲ್ಲಿನ ಕತ್ತು ತುದಿಗಿಂತ ಸ್ವಲ್ಪ ಹೆಚ್ಚು ಹಳದಿಯಿರುವುದು ಸಹಜ. ಮುಂದಿನ ಹಲ್ಲಿನಷ್ಟು ಬೆಳ್ಳಗಿನ ತುಣುಕನ್ನು ಅಲ್ಲಿ ಕೂರಿಸಿದರೆ ತೇಪೆ ಹಾಕಿದ್ದು ದೂರದಿಂದಲೇ ಗೊತ್ತಾಗುತ್ತದೆ. ಬಳಿಕ ವಸಡಿನ ಅಂಚಿಗೆ ತೆಳುವಾದ ದಾರವನ್ನು ಸಿಕ್ಕಿಸಿ ಅದನ್ನು ತುಸು ಹಿಂದೆ ಸರಿಸಿದರು. ಸ್ಕ್ಯಾನರ್ ಎಂಬುದು ಬೆಳಕಿನಿಂದ ಅಳೆಯುವ ಕ್ಯಾಮೆರಾ. ವಸಡು ಮುಚ್ಚಿಕೊಂಡ, ರಕ್ತ ಅಥವಾ ಎಂಜಲು ತುಂಬಿದ ಜಾಗ ಅದಕ್ಕೆ ಕಾಣುವುದಿಲ್ಲ. ಕಾಣದ ಅಂಚನ್ನು ತಂತ್ರಾಂಶ ಊಹಿಸಿ ಎಳೆದರೆ ತುಣುಕು ಅಲ್ಲಿ ಸರಿಯಾಗಿ ಕೂರುವುದಿಲ್ಲ. ನನ್ನ ಒಂದು ಹಲ್ಲಿನಲ್ಲಿ ಸ್ವಲ್ಪ ರಕ್ತ ಬಂದದ್ದರಿಂದ ವೈದ್ಯೆ ಸ್ಕ್ಯಾನನ್ನು ಅಳಿಸಿ, ಒತ್ತಿ ನಿಲ್ಲಿಸಿ, ಕಾದು, ಮತ್ತೆ ತೆಗೆದರು. ಆ ತಾಳ್ಮೆಯನ್ನು ನಾನು ಈ ಚಿಕಿತ್ಸಾಲಯದ ಅತಿ ದೊಡ್ಡ ಗುಣವೆಂದು ಎಣಿಸುತ್ತೇನೆ.

ಪರದೆಯ ಮೇಲೆ ತುಣುಕಿನ ಆಕಾರವನ್ನು ತಿದ್ದುವಾಗ ಅವರು ಅದನ್ನು ನನಗೆ ತಿರುಗಿಸಿ ತೋರಿಸಿದರು. ಕತ್ತಿನ ಉಬ್ಬು ಅತಿಯಾದರೆ ಬ್ರಷ್ ವಸಡನ್ನು ಮುಟ್ಟುವುದಿಲ್ಲ, ತೀರ ಚಪ್ಪಟೆಯಾದರೆ ಅಗಿದ ಆಹಾರ ನೇರವಾಗಿ ವಸಡಿಗೆ ಗುದ್ದುತ್ತದೆ. ಎರಡೂ ಆಗದಂತೆ ಅಕ್ಕಪಕ್ಕದ ಹಲ್ಲುಗಳ ಉಬ್ಬನ್ನು ನೋಡಿ ಹೊಂದಿಸಿದರು. ಕೊರೆಯುವುದಕ್ಕೆ ಕೆಲವು ನಿಮಿಷ ಸಾಕಾಯಿತು. ಇಡೀ ಹಲ್ಲಿಗೆ ಕ್ಯಾಪ್ ಮಾಡುವಷ್ಟು ದೊಡ್ಡ ಗಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಕೆಲವೇ ಮಿಲಿಮೀಟರ್ ಅಗಲದ ಒಂದು ತುಣುಕನ್ನು ತೆಗೆಯುತ್ತಾರೆ. ಉಳಿದದ್ದರಲ್ಲಿ ಬಹುಪಾಲು ಪುಡಿಯಾಗಿ ನೀರಿನೊಡನೆ ಹರಿದುಹೋಗುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ಬೆಲೆ ಏಕೆಂಬುದಕ್ಕೆ ಉತ್ತರದ ಒಂದು ಭಾಗ ಅಲ್ಲಿದೆ. ಕತ್ತಿನ ಭಾಗಕ್ಕೆಂದೇ ಚಿಕ್ಕ ಗಟ್ಟಿಗಳು ಸುಲಭವಾಗಿ ಸಿಗುವಂತಾದರೆ ಈ ಚಿಕಿತ್ಸೆ ಇನ್ನಷ್ಟು ಜನರ ಕೈಗೆಟುಕೀತು.

ಅಂಟಿಸುವ ಹಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಲ್ಲುಗಳನ್ನು ಮಾತ್ರ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮರೆಮಾಡುವ ರಬ್ಬರ್ ಹಾಳೆಯನ್ನು ಹಾಕಿ, ಕತ್ತಿನ ಭಾಗ ತೆರೆದಿರುವಂತೆ ವಿಶೇಷ ಹಿಡಿಕೆಯಿಂದ ವಸಡನ್ನು ಒತ್ತಿ ಹಿಡಿದರು. ಇದು ಹಿತವಾದ ಅನುಭವವಲ್ಲ, ಅರಿವಳಿಕೆಯ ಚುಚ್ಚುಮದ್ದು ಇದಕ್ಕೇ ಬೇಕಾಯಿತು. ಆದರೂ ರಬ್ಬರ್ ಹಾಳೆಯಿಲ್ಲದೆ ಈ ಕೆಲಸಕ್ಕೆ ಕೈಹಾಕುವ ಕಡೆ ನಾನು ಮಾಡಿಸಿಕೊಳ್ಳುವುದಿಲ್ಲ. ಹತ್ತಿ ಉರುಳೆಯಿಟ್ಟು ಅವಸರದಲ್ಲಿ ಅಂಟಿಸಿದ ದುಬಾರಿ ಪಿಂಗಾಣಿಗೂ ಅಗ್ಗದ ಫಿಲ್ಲಿಂಗಿಗೂ ಆಯುಷ್ಯದಲ್ಲಿ ದೊಡ್ಡ ವ್ಯತ್ಯಾಸ ಇರಲಾರದು. ತುಣುಕಿನ ಒಳಮೈಯನ್ನು ಬಾಯಿಯ ಹೊರಗೆ ಶೇಕಡಾ 5ರ ಹೈಡ್ರೋಫ್ಲೋರಿಕ್ ಆಮ್ಲದಿಂದ 60 ಸೆಕೆಂಡು ಕೊರೆಯಿಸಿ, ತೊಳೆದು, ಒಣಗಿಸಿ, ಪಿಂಗಾಣಿಗೂ ರಾಳಕ್ಕೂ ನಡುವೆ ಬೆಸುಗೆಯಾಗುವ ಸೈಲೇನ್ ಎಂಬ ದ್ರವವನ್ನು ಹಚ್ಚಿದರು. ಇತ್ತ ಹಲ್ಲಿನ ನುಣುಪಾದ ಡೆಂಟಿನನ್ನು ಸೂಕ್ಷ್ಮವಾಗಿ ಒರಟು ಮಾಡಿ, ಎನಾಮಲಿನ ಅಂಚಿಗೆ ಮಾತ್ರ ಫಾಸ್ಫಾರಿಕ್ ಆಮ್ಲವನ್ನು ತಾಗಿಸಿ, ಅಂಟನ್ನು ಉಜ್ಜಿ ಹಚ್ಚಿ, ಗಾಳಿಯೂದಿ ತೆಳುಗೊಳಿಸಿದರು. ತುಣುಕನ್ನು ಅಂಟು ತುದಿಯ ಕಡ್ಡಿಯಲ್ಲಿ ಹಿಡಿದು ಕೂರಿಸಿ, ಹೊರಗೆ ಉಕ್ಕಿದ ರಾಳವನ್ನು ಗಟ್ಟಿಯಾಗುವ ಮೊದಲೇ ಒರೆಸಿ, ನಂತರ ಬೆಳಕು ಹಾಯಿಸಿದರು. ತುಣುಕು ತೆಳುವಾಗಿ ಅರೆಪಾರದರ್ಶಕವಾಗಿರುವುದರಿಂದ ಬೆಳಕು ಅದರ ಮೂಲಕ ಹಾದು ಒಳಗಿನ ರಾಳವನ್ನು ಗಟ್ಟಿಗೊಳಿಸುತ್ತದೆ. ವಸಡಿನ ಕೆಳಗೆ ಉಳಿದ ಚೂರು ರಾಳವೂ ಊತಕ್ಕೆ ಕಾರಣವಾಗುತ್ತದಾದ್ದರಿಂದ ಭೂತಗನ್ನಡಿಯಲ್ಲಿ ನೋಡಿ ಕೆರೆದು ತೆಗೆದದ್ದಕ್ಕೂ, ರಬ್ಬರಿನ ತುದಿಗಳಿಂದ ಹೊಳಪು ಕೊಟ್ಟದ್ದಕ್ಕೂ ಸಾಕಷ್ಟು ಹೊತ್ತು ಹಿಡಿಯಿತು.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಜುಮ್ಮೆನ್ನುವುದು ಅಂದೇ ನಿಂತಿತು. ಡೆಂಟಿನಿನ ನಾಳಗಳಲ್ಲಿರುವ ದ್ರವ ತಣ್ಣೀರು ಅಥವಾ ಗಾಳಿ ತಾಗಿದಾಗ ಅಲುಗಾಡಿ ಒಳಗಿನ ನರವನ್ನು ಕೆರಳಿಸುತ್ತದೆ ಎಂದು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ವಿವರಿಸಿದ್ದರು. ತೆರೆದೇ ಉಳಿದ ಅಂಥ ನಾಳಗಳ ಬಾಯಿ ಮುಚ್ಚಿದರೆ ನೋವಿಗೆ ದಾರಿಯಿಲ್ಲ. ಈ ಪರಿಹಾರ ಒಳ್ಳೆಯ ಫಿಲ್ಲಿಂಗಿನಿಂದಲೂ ಸಿಗುತ್ತದೆ ಎಂಬುದನ್ನು ಒಪ್ಪಲೇಬೇಕು. ವರ್ಷದ ನಂತರವೂ ಎರಡೂ ತುಣುಕುಗಳು ಅಲುಗದೆ ಇವೆ, ಅಂಚಿನಲ್ಲಿ ಕಂದು ಗೆರೆ ಮೂಡಿಲ್ಲ, ಹಲ್ಲಿನ ನಡುವೆ ದಾರ ಹಾಯಿಸಿದರೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ, ವಸಡು ತಿಳಿಗೆಂಪಾಗಿ ಬಿಗಿಯಾಗಿದೆ. ಹಿಂದಿನ ಹಲ್ಲಿನ ತುಣುಕು ಮಾತ್ರ ಪಕ್ಕದಿಂದ ನೋಡಿದರೆ ಹಲ್ಲಿಗಿಂತ ಒಂದಿಷ್ಟು ಮಬ್ಬಾಗಿ ಕಾಣುತ್ತದೆ. ಈ ಮಿಶ್ರ ಪಿಂಗಾಣಿಗೆ ಲಿಥಿಯಂ ಡೈಸಿಲಿಕೇಟಿನ ಆಳವಾದ ಹೊಳಪು ಇಲ್ಲ. ಮುಂದಿನ ಹಲ್ಲಾಗಿದ್ದರೆ ನಾನು ಆಯ್ಕೆಯನ್ನು ಮತ್ತೊಮ್ಮೆ ಚರ್ಚಿಸುತ್ತಿದ್ದೆ. ತಪಾಸಣೆಗೆ ಹೋದಾಗ ಹೊಳಪನ್ನು ನವೀಕರಿಸಿಕೊಡುತ್ತಾರೆ.

ಬೆಲೆ, ಒಂದು ಹಲ್ಲಿಗೆ, ಅದೇ ಚಿಕಿತ್ಸಾಲಯದ ಕಾಂಪೋಸಿಟ್ ಫಿಲ್ಲಿಂಗಿನ ಹೆಚ್ಚುಕಡಿಮೆ ಐದು ಪಟ್ಟು. ಒಳರೋಗಿಯಾಗಿ ದಾಖಲಾಗದೆ ಪಡೆಯುವ ದಂತಚಿಕಿತ್ಸೆಗೆ ಸಾಮಾನ್ಯ ಆರೋಗ್ಯ ವಿಮೆಗಳು ಬಹುತೇಕ ಹಣ ಕೊಡುವುದಿಲ್ಲವಾದ್ದರಿಂದ ಪೂರ್ತಿ ಭಾರ ನಮ್ಮ ಮೇಲೆಯೇ ಬೀಳುತ್ತದೆ. ಇಷ್ಟು ಹಣ ಕೊಡುವಾಗ ಬಳಸಿದ ಗಟ್ಟಿಯ ಕಂಪನಿ, ಬಣ್ಣ ಮತ್ತು ತಯಾರಿಕೆಯ ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನು ರಸೀದಿಯ ಜೊತೆ ಪಡೆಯುವುದು ನಮ್ಮ ಹಕ್ಕು; ನನಗೆ ಕೇಳಿದ ಮೇಲೆ ಕೊಟ್ಟರು, ಕೇಳದೆಯೇ ಕೊಡಬೇಕಿತ್ತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದು ನನಗೆ ನಿಜವಾಗಿಯೂ ನೋವು ತಂದ ಕೊರತೆ. ವೈದ್ಯೆ ಎಲ್ಲವನ್ನೂ ಸೊಗಸಾದ ಕನ್ನಡದಲ್ಲಿ ವಿವರಿಸಿದರು. ಹಾಗಿದ್ದ ಮೇಲೆ ಆ ವಿವರಣೆಯೇ ಕನ್ನಡದಲ್ಲಿ ಮುದ್ರಿತವಾಗಿ, ರೋಗಿ ಮನೆಗೆ ಒಯ್ದು ಮನೆಯವರೊಂದಿಗೆ ಕುಳಿತು ಓದಿ ಸಹಿ ಮಾಡುವಂತಿರಬೇಕು. ಬೆಂಗಳೂರಿನ ಚಿಕಿತ್ಸಾಲಯಕ್ಕೆ ಇದು ಕಷ್ಟದ ಕೆಲಸವಲ್ಲ.

ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ತಗ್ಗು ಆಳವಿಲ್ಲದಿದ್ದರೆ, ಜುಮ್ಮೆನ್ನುವುದಷ್ಟೇ ತೊಂದರೆಯಾಗಿದ್ದರೆ, ಪೊಟ್ಯಾಸಿಯಮ್ ನೈಟ್ರೇಟ್ ಇರುವ ಪೇಸ್ಟ್, ಮೆದುವಾದ ಬ್ರಷ್ ಮತ್ತು ವೈದ್ಯರು ಹಚ್ಚುವ ಫ್ಲೋರೈಡ್ ಲೇಪ ಸಾಕಾಗಬಹುದು. ಮೊದಲ ಬಾರಿ ತುಂಬಿಸುತ್ತಿರುವ ಸಾಧಾರಣ ತಗ್ಗಿಗೆ ಕಾಂಪೋಸಿಟ್ ಅಥವಾ ಗ್ಲಾಸ್ ಅಯೊನೊಮರ್ ಇಂದಿಗೂ ಸರಿಯಾದ ಮೊದಲ ಆಯ್ಕೆ. ಅವುಗಳ ಬಗ್ಗೆ ಇರುವಷ್ಟು ದೀರ್ಘಕಾಲದ ಅಧ್ಯಯನಗಳು ಕತ್ತಿನ ಭಾಗದ ಯಂತ್ರನಿರ್ಮಿತ ಪಿಂಗಾಣಿಯ ಬಗ್ಗೆ ಇಲ್ಲ, ಹಾಗಾಗಿ ಜೀವನಪರ್ಯಂತದ ಭರವಸೆ ಕೊಡುವವರನ್ನು ನಂಬಬಾರದು. ವೆಚ್ಚ ಹೊರಲಾಗದವರು ಫೋರ್ಟ್ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೋ ನಗರದ ಬೇರೆ ದಂತ ಕಾಲೇಜುಗಳಲ್ಲೋ ತೋರಿಸಬಹುದು. ಅಲ್ಲಿ ಹೊತ್ತು ಹೆಚ್ಚು ಹಿಡಿದರೂ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಕೆಲಸ ಮಾಡುತ್ತಾರೆ. ಬೇರು ಬಹಳ ಬಯಲಾಗಿದ್ದರೆ ಮೊದಲು ವಸಡಿನ ತಜ್ಞರನ್ನು ಕಾಣುವುದು ಒಳ್ಳೆಯದು, ಏಕೆಂದರೆ ಕೆಲವರಿಗೆ ವಸಡಿನ ಕಸಿಯೇ ಸರಿಯಾದ ಪರಿಹಾರ. ಫಿಲ್ಲಿಂಗ್ ಪದೇ ಪದೇ ಬಿದ್ದ, ಆಳವಾದ, ಚೂಪು ಕೋನದ ತಗ್ಗುಗಳಿಗೆ ನಾನು ಪಡೆದ ಚಿಕಿತ್ಸೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ನನ್ನ ಬಲಗಡೆಯ ಕೋರೆಹಲ್ಲಿನಲ್ಲೂ ಇಂಥದ್ದೇ ಒಂದು ತಗ್ಗು ಶುರುವಾಗಿದೆ. ಅದನ್ನೂ ಪಿಂಗಾಣಿಯಿಂದ ಮುಚ್ಚಿಬಿಡಿ ಎಂದು ನಾನೇ ಕೇಳಿದಾಗ ವೈದ್ಯೆ ಒಪ್ಪಲಿಲ್ಲ. ಆಳ ಒಂದು ಮಿಲಿಮೀಟರ್ ಕೂಡ ಇಲ್ಲ, ನೋವೂ ಇಲ್ಲ, ಈಗ ಕೈಹಾಕಿದರೆ ಆರೋಗ್ಯವಾಗಿರುವ ಹಲ್ಲನ್ನೇ ತುಸು ಕೆರೆಯಬೇಕಾಗುತ್ತದೆ ಎಂದರು. ಬದಲಿಗೆ ರಾತ್ರಿ ಹಲ್ಲು ಕಡಿಯುವುದಕ್ಕೆ ತಡೆಯಾಗಿ ಒಂದು ಗಟ್ಟಿ ಹೊದಿಕೆಯನ್ನು ಮಾಡಿಕೊಟ್ಟು, ಆ ಹಲ್ಲಿನ ಸ್ಕ್ಯಾನನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪ್ರತಿ ತಪಾಸಣೆಯಲ್ಲೂ ಹೊಸ ಸ್ಕ್ಯಾನನ್ನು ಹಳೆಯದರ ಮೇಲೆ ಕೂರಿಸಿ ಸವೆತ ಮುಂದುವರಿದಿದೆಯೇ ಎಂದು ಹೋಲಿಸಿ ನೋಡುತ್ತಾರೆ. ಇಲ್ಲಿಯವರೆಗೆ ಅದು ಮುಂದುವರಿದಿಲ್ಲ.